ಪಾರವ್ವನ ಹೆಸರು ಕೂಗಿದ ದಿನ

‘ಒಬ್ರ ಇರಾವ್ರೇನ್ರಿ ಅಕ್ಕೋರ? ಗಂಡ, ಮಕ್ಕಳು ಯಾರೂ ಇಲ್ಲೇನ್ರಿ? ಹಂಗಾದ್ರ ಮನಿ ಕೊಡಾಕ ಆಗಂಗಿಲ್ರಿ.’

ಮೈಸೂರಿನಿಂದ ಗೋಕಾಕಕ್ಕೆ ಶಿಕ್ಷಕಿಯಾಗಿ, ಅಂದರೆ ಇಲ್ಲಿಯವರ ಬಾಯಲ್ಲಿ ‘ಅಕ್ಕೋರಾಗಿ’, ಬಂದಿಳಿದ ಮೊದಲ ದಿನ ಕೇಳಿದ ಮಾತಿದು. ಹಾಗೆ ಹೇಳಿದ ಮನೆಯೊಡತಿಯೇ ಒಳಗೆ ಕರೆದು ಚಹಾ ಕೊಟ್ಟರು. ಬಾಜೂ ಓಣಿಯಲ್ಲಿ ಖಾಲಿಯಿದ್ದ ಕೋಣೆ ತೋರಿಸಲು ತಾವೇ ನಡೆದುಬಂದರು. ನಮ್ಮ ಮೈಸೂರಿನಲ್ಲಿ ‘ಇಲ್ಲ’ ಎನ್ನುವುದನ್ನು ನಯವಾಗಿ ಹೇಳಿ ಬಾಗಿಲು ಮುಚ್ಚುತ್ತೇವೆ. ಇಲ್ಲಿ ಒರಟಾಗಿ ಹೇಳಿ ಚಹಾ ಕುಡಿಸುತ್ತಾರೆ.

ಕನ್ನಡವನ್ನೇ ಹೊಸದಾಗಿ ಕಲಿಯಬೇಕಾಯಿತು. ‘ಫೋನ್ ಹಚ್ರಿ’ ಎಂದಾಗ ಗಾಬರಿಯಾಗಿದ್ದೆ. ನಮ್ಮಲ್ಲಿ ಹಚ್ಚುವುದು ದೀಪವನ್ನು. ಇಲ್ಲಿ ಫೋನು ಮಾಡುವುದಕ್ಕೂ ಮಕ್ಕಳನ್ನು ಶಾಲೆಗೆ ಸೇರಿಸುವುದಕ್ಕೂ ಅದೇ ಮಾತು. ಜೋಳದ ರೊಟ್ಟಿ ಹರಿಯದಂತೆ ಬಡಿಯಲು ಒಂದು ವರ್ಷ ಹಿಡಿಯಿತು. ಮೈಸೂರಿನಲ್ಲಿ ದಿವ್ಯಾ ಇದ್ದಳು. ಏಳು ವರ್ಷದಿಂದ ನನ್ನವಳು. ಇಲ್ಲಿ ಕೇಳಿದವರಿಗೆಲ್ಲ ‘ಗೆಳತಿ’ ಎಂದಷ್ಟೇ ಹೇಳುತ್ತಿದ್ದೆ.

ಒಂಟಿತನ ತಡೆಯದೆ, ಭಾನುವಾರಗಳಲ್ಲಿ ಕಾಲೇಜು ಓದುವ ಹುಡುಗ ಹುಡುಗಿಯರಿಗೆ ನಾಟಕ ಕಲಿಸತೊಡಗಿದೆ. ಮನೆಯಲ್ಲಿ ಯಾರೂ ಬಾಯಿಬಿಡದ ಒಂದು ಕಥೆ ತನ್ನಿ ಎಂದದ್ದಕ್ಕೆ ಕುಲಗೋಡದಿಂದ ಬರುವ ಲಕ್ಷ್ಮಿ ತನ್ನ ಅಜ್ಜಿಯ ಅಕ್ಕ ಗಂಗವ್ವನ ಕಥೆ ತಂದಳು. ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ ಗಂಗವ್ವ ಮತ್ತು ಪಾರವ್ವ ಒಬ್ಬರನ್ನೊಬ್ಬರು ಪ್ರೀತಿಸಿದ್ದರು, ಜೊತೆಗೇ ಬಾಳುತ್ತೇವೆ ಎಂದಿದ್ದರು. ಹಿರಿಯರು ಇಬ್ಬರನ್ನೂ ಕಂಬಕ್ಕೆ ಕಟ್ಟಿ ಹೊಡೆದರು. ಪಾರವ್ವನನ್ನು ಬಲವಂತವಾಗಿ ದೂರದ ಊರಿಗೆ ಮದುವೆ ಮಾಡಿಕೊಟ್ಟರು. ಎರಡನೇ ವರ್ಷ ಅವಳ ಸಾವಿನ ಸುದ್ದಿ ಬಂತು. ಗಂಗವ್ವನನ್ನು ತವರು ಹೊರಗಟ್ಟಿತು.

ಗಂಗವ್ವ ಇನ್ನೂ ಇದ್ದರು, ಹುಕ್ಕೇರಿಯಲ್ಲಿ, ಒಬ್ಬರೇ. ಲಕ್ಷ್ಮಿಯೂ ನಾನೂ ಬಸ್ಸು ಹತ್ತಿ ಹೋದೆವು. ಹೆಸರು ಬದಲಿಸಿ ನಾಟಕ ಆಡಬಹುದೇ ಎಂದು ಕೇಳಿದೆ. ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು.

‘ನನಗ ಏನರ ಹೆಸರ ಇಡ್ರಿ. ಆಕಿ ಹೆಸರ ಬದಲ ಮಾಡಬ್ಯಾಡ್ರಿ. ಪಾರವ್ವಾ ಅಂತ ಯಾರರ ಕರದಿದ್ದ ಕೇಳಿ ನಲವತ್ತ ವರ್ಸ ಆತ್ರಿ.’

ಲಕ್ಷ್ಮಿಯ ಅಜ್ಜಿ ಬಸವ್ವ ಮಾತ್ರ ಸಿಡಿದೆದ್ದರು. ‘ಮುಚ್ಚಿಟ್ಟ ಮಾತ ಮಂದಿ ಮುಂದ ತಗೀತಿಯೇನ? ನಾಳಿ ನಿನ್ನ ಯಾರ ಲಗ್ನ ಆಗ್ತಾರ?’

‘ನಿಮ್ಮಕ್ಕನ್ನ ಹೊಡಿಯುವಾಗ ನೀ ಎಲ್ಲಿದ್ದಿ ಆಯಿ?’ ಎಂದಳು ಲಕ್ಷ್ಮಿ.

ಬಸವ್ವ ಎದ್ದು ಒಳಗೆ ಹೋದರು. ಆದರೆ ಮೊಮ್ಮಗಳನ್ನು ತಡೆಯಲಿಲ್ಲ.

ಮೂಡಲಗಿಯಲ್ಲಿ ನಾಟಕ. ಜನ ನಗುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಕೆಲವರು ಎದ್ದು ಹೋದದ್ದು ಖರೆ. (ಖರೆ ಎಂದರೆ ನಿಜ, ಈಗ ನನ್ನ ಬಾಯಿಗೂ ಅದೇ ಬರುತ್ತದೆ.) ಉಳಿದವರು ಅಲುಗಾಡದೆ ಕುಳಿತರು. ಕೊನೆಗೆ ಮಕ್ಕಳೆಲ್ಲ ರಂಗದಂಚಿಗೆ ಬಂದು ‘ಪಾರವ್ವಾ!’ ಎಂದು ಕೂಗಿದರು. ಲಕ್ಷ್ಮಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದ ಗಂಗವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಹಿಂದಿನಿಂದ ಬಸವ್ವ ಎದ್ದು ಬಂದದ್ದು ಆಗಲೇ. ಕೈಯಲ್ಲಿ ತೆಂಗಿನಕಾಯಿ, ಅಕ್ಕಿ, ಕುಬಸದ ಅಂದರೆ ರವಿಕೆಯ ಬಟ್ಟೆ. ತವರಿಗೆ ಬಂದ ಮಗಳ ಮಡಿಲಿಗೆ ಇವನ್ನು ಹಾಕಿ ಕಳಿಸುವುದನ್ನು ಇಲ್ಲಿ ಉಡಿ ತುಂಬುವುದು ಎನ್ನುತ್ತಾರೆ. ಗಂಗವ್ವನಿಗೆ ಯಾರೂ ಎಂದೂ ತುಂಬಿರಲಿಲ್ಲ.

‘ಅಕ್ಕಾ, ಅವತ್ತ ನಾ ಬಾಗಿಲ ಹಿಂದ ನಿಂತಿದ್ನಿ. ಅಂಜಿದ್ನಿ. ಉಡಿ ಒಡ್ಡ.’

ಗಂಗವ್ವ ಕಣ್ಣೊರೆಸಿಕೊಂಡರು. ಆಮೇಲೆ ಸೆರಗು ಒಡ್ಡಿದರು.

ಗಂಗವ್ವನನ್ನು ಹುಕ್ಕೇರಿಗೆ ಬಿಡಲು ಹೋಗುವಾಗ ಬಸ್ಸಿನಲ್ಲಿ ದಿವ್ಯಾಳ ವಿಷಯ ಹೇಳಿದೆ. ಇಲ್ಲಿಗೆ ಬಂದಮೇಲೆ ಮೊದಲ ಸಲ.

‘ಆಕಿನ್ನೂ ಕರ್ಕೊಂಡ ಬಾ ತಂಗಿ. ಇಬ್ಬರಿಗೂ ಉಡಿ ತುಂಬ್ತೇನಿ’ ಎಂದರು.

ಬೇಸಿಗೆ ರಜೆಗೆ ದಿವ್ಯಾ ಬರುತ್ತಾಳೆ. ಮೈಸೂರಿನ ಕೆಲಸ ಬಿಟ್ಟು ಇಲ್ಲೇ ನಿಲ್ಲಲು ಅವಳಿಗಾಗದು. ಈ ಮಕ್ಕಳನ್ನು ಬಿಟ್ಟು ಹಿಂತಿರುಗಲು ನನಗೀಗ ಮನಸ್ಸಿಲ್ಲ. ನನ್ನ ಅಮ್ಮ ಇನ್ನೂ ದಿವ್ಯಾಳ ಹೆಸರೆತ್ತುವುದಿಲ್ಲ. ತವರು ಮೈಸೂರೇ. ಆದರೆ ನಮ್ಮಿಬ್ಬರನ್ನು ಜೋಡಿಯಾಗಿ ಮನೆಗೆ ಕರೆದವರು ಇರುವುದು ಹುಕ್ಕೇರಿಯಲ್ಲಿ.