ಹುಣಸೆಹಣ್ಣು ಹಚ್ಚಿ ತಿಕ್ಕಿದ ರೈಲು

ಆಗ ನನಗೆ ಅರವತ್ತಮೂರು. ನಾಲ್ಕು ವರ್ಷದ ಹಿಂದಿನ ಮಾತು. ಇವತ್ತು ವಾರ್ನಿಷ್ ಡಬ್ಬಿಯ ಮುಚ್ಚಳ ತೆಗೆದೆ, ಘಾಟು ಮೂಗಿಗೆ ಹೊಡೆಯಿತು, ಎಲ್ಲಾ ನೆನಪಾಯಿತು. ಕಣ್ಣಲ್ಲಿ ನೀರೂ ಬಂತು. ಅದು ವಾರ್ನಿಷ್‌ನಿಂದ, ನೆನಪಿನಿಂದಲ್ಲ.

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದವಳು ನಾನು. ಆ ಶೆಡ್ಡು ಎದ್ದಿದ್ದು ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ. ಅದಕ್ಕೆ ನಾನೇನೂ ಕೊರಗಲಿಲ್ಲ. ಹೊಲದಲ್ಲಿ ಬಗ್ಗಿದರೆ ಸೊಂಟ ನೋವು, ಶೆಡ್ಡಿನಲ್ಲಿ ಕೂತರೆ ಕುತ್ತಿಗೆ ನೋವು, ಅಷ್ಟೇ ವ್ಯತ್ಯಾಸ. ಶೆಡ್ಡಿನಲ್ಲಿ ನೆರಳಾದರೂ ಇತ್ತು.

ತಂತಿ ಸುತ್ತುವ ಹೆಂಗಸರಿಗೆ ಒಂದು ಅಭ್ಯಾಸ. ಎಣಿಕೆ ತಪ್ಪಬಾರದು ನೋಡಿ, ಅದಕ್ಕೇ ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರದ ಬದಲು ಎಣಿಕೆಯನ್ನೇ ಗಟ್ಟಿಯಾಗಿ ಹೇಳುತ್ತೇವೆ. ‘ಊಟ ಆಯ್ತಾ?’ ‘ನಲವತ್ತೇಳು.’ ‘ಮಗಳಿಗೆ ಗಂಡು ಗೊತ್ತಾಯ್ತಾ?’ ‘ನೂರಾ ಹನ್ನೆರಡು.’ ಕೇಳಿದವರು ಸುಮ್ಮನೆ ಹೋಗುತ್ತಾರೆ. ಈ ಚಾಳಿ ಮನೆಗೂ ಬಂದು, ನನ್ನ ಗಂಡ ಇದ್ದಷ್ಟು ದಿನ ಬೈಯುತ್ತಿದ್ದರು. ಬೇಡದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೆಲಸ ಬಿಟ್ಟಾಗ ಎಲ್ಲರಿಗೂ ಮಂಡಿ ನೋವು ಅಂದಿದ್ದೆ. ಸುಳ್ಳು. ಮಂಡಿ ಗಟ್ಟಿಯಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಲ್ಲಿ ಹಾಲು ಚೆಲ್ಲಿದ ಹಾಗೆ, ಎಡಗಣ್ಣಲ್ಲಿ ಮಂಜು. ಕಣ್ಣಿಗೆ ಕತ್ತಿ ಹಾಕುತ್ತಾರೆ ಅನ್ನುವ ಭಯ. ಹೇಳಿದರೆ ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ ಅಂತ ಮಗಳಿಗೂ ಹೇಳಿರಲಿಲ್ಲ. ಅಕ್ಕಿ ಆರಿಸುವಾಗ ಕಾಣದ ಕಲ್ಲು ಹಲ್ಲಿಗೆ ಸಿಕ್ಕಿದಾಗ ಅಂಗಡಿಯವನನ್ನು ಬೈದುಕೊಂಡು ಕಾಲ ಹಾಕುತ್ತಿದ್ದೆ.

ಆಗ ಪಕ್ಕದ ಬೀದಿಯ ಶಿವಲಿಂಗಯ್ಯ ಬಂದರು. ದೊಡ್ಡ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ರಿಟೈರ್ ಆದವರು. ಆಟದ ರೈಲಿನ ಹುಚ್ಚು. ಬೇರೆಯವರು ರಿಟೈರ್ ಆದ ಮೇಲೆ ಕಾಶಿಗೆ ಹೋದರೆ ಇವರು ಗುಜರಿ ಅಂಗಡಿಗೆ ಹೋದರು. ನಮ್ಮಪ್ಪ ಹುಟ್ಟುವ ಮೊದಲು ಯಾವುದೋ ಹೊರದೇಶದಲ್ಲಿ ಮಾಡಿದ ಒಂದು ಸೆಟ್ಟು. ರೈಲಿನ ಡಬ್ಬಿಗಳು ಒಂದೊಂದು ಕಡೆ ಸಿಕ್ಕಿದ್ದವು, ಹಳಿಗಳು ಒಂದು ಮೂಟೆಯಲ್ಲಿ. ಹತ್ತು ವರ್ಷ ಹುಡುಕಿದ ಮೇಲೆ ವೈಟ್‌ಫೀಲ್ಡಿನಲ್ಲಿ ಅಪಾರ್ಟ್‌ಮೆಂಟಿಗೆ ಅಂತ ಕೆಡವುತ್ತಿದ್ದ ಹಳೇ ಬಂಗಲೆಯೊಂದರ ಅಟ್ಟದಲ್ಲಿ ಎಂಜಿನ್ ಸಿಕ್ಕಿತು. ಅದರ ಮೋಟಾರು ಸುಟ್ಟುಹೋಗಿತ್ತು.

“ಈ ಮೋಟಾರು ಈಗ ಎಲ್ಲೂ ಸಿಗಲ್ಲ ಅಕ್ಕ. ಕೈಯಲ್ಲಿ ಸುತ್ತೋರೂ ಯಾರೂ ಇಲ್ಲ. ನಿಮ್ಮನ್ನ ಬಿಟ್ರೆ ಗತಿಯಿಲ್ಲ” ಅಂದರು.

ಕಣ್ಣು ಕಾಣುವುದಿಲ್ಲ ಅನ್ನಬೇಕಿತ್ತು. “ಇಟ್ಟೋಗಿ” ಅಂದೆ. ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಅಷ್ಟೂ ದಿನದಲ್ಲಿ ನನ್ನಿಂದ ಏನಾದರೂ ಆಗಬೇಕು ಅಂತ ಬಂದವರು ಇವರೊಬ್ಬರೇ.

ಅವರು ಬೀದಿ ತಿರುಗುವಷ್ಟರಲ್ಲಿ ಎಂಜಿನನ್ನು ಕೈಯಲ್ಲಿ ಸವರಿದೆ. ತಣ್ಣಗೆ, ತೂಕವಾಗಿ, ಹೊಗೆಕೊಳವೆಯ ಹತ್ತಿರ ಹಿತ್ತಾಳೆ. ಮೈಯೆಲ್ಲ ಕಪ್ಪಗೆ, ಜಿಡ್ಡು ಜಿಡ್ಡು. ಇಷ್ಟು ಕೊಳೆ ಇಟ್ಟುಕೊಂಡು ಯಾರಾದರೂ ಕೆಲಸ ಮಾಡುತ್ತಾರಾ, ನೀವೇ ಹೇಳಿ. ಮೋಟಾರು ಬಿಚ್ಚಿ ಪಕ್ಕಕ್ಕಿಟ್ಟು, ಎಂಜಿನಿಗೆ ಹುಣಸೆಹಣ್ಣು, ಬೂದಿ ಹಚ್ಚಿ, ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಿದೆ. ಕಪ್ಪು ಹೋಯಿತು, ಅದರ ಕೆಳಗೆ ಇನ್ನೇನೋ ಇತ್ತು, ಅದೂ ಹೋಯಿತು. ಕೊನೆಗೆ ಫಳಫಳ. ಬಿಸಿಲಿಗಿಟ್ಟು, ಹಬ್ಬಕ್ಕೆ ದೀಪ ಬೆಳಗಿಟ್ಟವಳ ಹಾಗೆ ಬೀಗುತ್ತಾ ಕೂತೆ.

ಮಾರನೆಯ ದಿನ ಶಿವಲಿಂಗಯ್ಯ ನೋಡಿ ಜಗಲಿಯ ಮೇಲೆ ಕೂತುಬಿಟ್ಟರು.

“ಅಕ್ಕ, ನಂಬರ್ ಎಲ್ಲಿ?”

“ಯಾವ ನಂಬರು?”

“ಪಕ್ಕದಲ್ಲಿ ಚಿನ್ನದ ಬಣ್ಣದಲ್ಲಿ ಬರೆದಿತ್ತಲ್ಲ. ಅಂಚಿಗೆ ಗೆರೆ ಇತ್ತಲ್ಲ. ಅದು ಕೊಳೆ ಅಲ್ಲ ಅಕ್ಕ, ಬಣ್ಣ. ಅಷ್ಟು ವರ್ಷದ ಬಣ್ಣ.”

ಜೊತೆಯಲ್ಲಿ ಬಂದಿದ್ದ ಅವರ ಹೆಂಡತಿ ರತ್ನಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. “ಅಯ್ಯೋ ಬಿಡ್ರೀ, ನನ್ನ ಸವತಿಗೆ ಎಣ್ಣೆನೀರು ಹಾಕವ್ರೆ. ಇವತ್ತಾದ್ರೂ ಮೈ ತೊಳ್ಕೊಂಡ್ಳು” ಅಂದಳು. ಅವರು ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಎರಡು ಮಾತು ನಾನೂ ಆಡುತ್ತಿದ್ದೆ. ಎಂಜಿನನ್ನು ಟವೆಲಿನಲ್ಲಿ ಸುತ್ತಿ ಎದ್ದರು.

“ಮೋಟಾರು ಬಿಟ್ಟೋಗಿ. ಅದನ್ನ ನಾನು ಓಡುಸ್ತೀನಿ” ಅಂದೆ.

ಬಾಯಿಂದ ಬಂದುಬಿಟ್ಟಿತು. ಆ ಮೋಟಾರಿನ ತಂತಿ ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ಅದನ್ನೂ ಕೆಡಿಸಿದರೆ ರೈಲೂ ಇಲ್ಲ, ಸುತ್ತುವವಳು ಅನ್ನುವ ಹೆಸರೂ ಇಲ್ಲ.

ಸುಟ್ಟ ತಂತಿಯನ್ನು ಬಿಚ್ಚುವಾಗಲೇ ಎಣಿಸಬೇಕು. ಎಷ್ಟು ಸುತ್ತು ಬಿಚ್ಚಿದೆವೋ ಅಷ್ಟೇ ಸುತ್ತಬೇಕು. ಹತ್ತು ಸುತ್ತಿಗೆ ಒಂದು ಹುಣಸೆಬೀಜ ಬಟ್ಟಲಿಗೆ ಹಾಕುವುದು ನನ್ನ ಲೆಕ್ಕ. ಎಂಜಿನ್ ಕೆಡಿಸಿದ ಹಣ್ಣಿನ ಬೀಜಗಳೇ ಇದ್ದವು, ಅವನ್ನೇ ತೊಳೆದು ಇಟ್ಟುಕೊಂಡೆ. ಹೊಸ ತಂತಿಯನ್ನು ಶಿವಲಿಂಗಯ್ಯನವರೇ ತಂದರು. ತಂದವರು ಹೋಗಲಿಲ್ಲ, ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು. ನಂಬಿಕೆ ಇರಲಿಲ್ಲ, ತಪ್ಪೇನು?

ನಾನು ಕಣ್ಣು ಮುಚ್ಚಿದೆ. ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಹೆಬ್ಬೆರಳಿನ ಉಗುರಿನಡಿ ತಂತಿ ಹಾಯಿಸಿದೆ. ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು, ಎಲ್ಲಿ ಒಂದರ ಮೇಲೊಂದು ಹತ್ತಿತು ಅನ್ನುವುದು ಉಗುರಿಗೆ ತಿಳಿಯುತ್ತದೆ. ಇಪ್ಪತ್ತೆಂಟು ವರ್ಷ ಉಗುರಿಗೆ ಬೇರೆ ಕೆಲಸವಿರಲಿಲ್ಲ. ಎರಡು ಸಲ ತಂತಿ ತುಂಡಾಯಿತು. ಎರಡು ಸಲವೂ ಬಿಚ್ಚಿ, ಬೀಜಗಳನ್ನು ವಾಪಸು ಸುರಿದು, ಮೊದಲಿನಿಂದ ಶುರು ಮಾಡಿದೆ.

ಮೂರನೆಯ ಸಲ ಸುತ್ತುತ್ತಿದ್ದಾಗ ಶಿವಲಿಂಗಯ್ಯ ಮೆಲ್ಲಗೆ ಕೇಳಿದರು. “ಅಕ್ಕ, ನಿಮಗೆ ಕಣ್ಣು ಕಾಣಲ್ಲ ಅಲ್ವಾ?”

“ಅರವತ್ತೆರಡು” ಅಂದೆ.

ಅವರಿಗೂ ಕಾರ್ಖಾನೆ ಗೊತ್ತು. ಮತ್ತೆ ಕೇಳಲಿಲ್ಲ.

ಸುತ್ತಿ ಮುಗಿಸಿ, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿದೆ. ತುದಿಗಳಿಗೆ ಬೆಸುಗೆಯನ್ನು ಅವರೇ ಹಾಕಿದರು. ಭಾನುವಾರ ಮಧ್ಯಾಹ್ನ ಅವರ ಹಾಲಿನಲ್ಲಿ ಹಳಿ ಜೋಡಿಸಿ ನನ್ನನ್ನೂ ಕರೆದರು. ಸ್ವಿಚ್ಚು ಒತ್ತಿದರು. ಏನೂ ಇಲ್ಲ. ಆಮೇಲೆ ಬೆರಳಲ್ಲಿ ಒಂದಿಷ್ಟು ನೂಕಿದರು ಅಂತ ಕಾಣುತ್ತದೆ, ‘ಗುರ್’ ಅಂತ ಸದ್ದು, ಆಮೇಲೆ ಚಕ್ರಗಳ ಟಕಟಕ. ಆ ಸದ್ದು ಸೋಫಾದ ಹಿಂದೆ ಹೋಗಿ, ಟೀವಿಯ ಮುಂದೆ ಬಂದು, ನನ್ನ ಕಾಲ ಹತ್ತಿರ ಹಾದುಹೋಯಿತು. ಅಪ್ಪನ ಅಪ್ಪನ ಕಾಲದ ಎಂಜಿನ್, ನಾನು ಸುತ್ತಿದ ತಂತಿ! ಶಿವಲಿಂಗಯ್ಯ ಮೂಗು ಒರೆಸಿಕೊಂಡಿದ್ದು ಕೇಳಿಸಿತು.

“ಅಕ್ಕ, ಡಬ್ಬಿ ಕಿಟಕೀಲಿ ನೋಡು! ಜನಗಳ ಬೊಂಬೆ ಬರ್ದವ್ರೆ” ಅಂತ ರತ್ನಮ್ಮ ಕೂಗಿದಳು. “ಒಬ್ಳು ಟೋಪಿ ಹಾಕ್ಕೊಂಡು ಕೂತವ್ಳೆ, ಥೇಟ್ ನಿನ್ನಂಗೇ ಮೂತಿ ಉಬ್ಬಿಸ್ಕೊಂಡು.”

“ಹೂಂ ಹೂಂ, ಅಂಗೇ ಅವ್ಳೆ” ಅಂತ ನಕ್ಕೆ. ನನಗೆ ಕಂಡಿದ್ದು ನೆಲದ ಮೇಲೆ ಜರುಗುವ ಒಂದು ಮಸಿ ಗೆರೆ.

ಶಿವಲಿಂಗಯ್ಯ ರೈಲು ನಿಲ್ಲಿಸಿದರು. “ಈಗ ನೀವೇನೂ ಎಣಿಸ್ತಾ ಇಲ್ಲ ಅಕ್ಕ. ಈಗ ಹೇಳಿ.”

ಚಪ್ಪಲಿ ಕಾಲಲ್ಲಿ ತಡವಿ ಹುಡುಕಿ, ಹಾಕಿಕೊಂಡು ಮನೆಗೆ ಬಂದುಬಿಟ್ಟೆ. ಕೋಪ ಅವರ ಮೇಲಲ್ಲ. ನಾನೇ ಓಡಿಸಿದ ರೈಲನ್ನು ಊರೆಲ್ಲ ನೋಡಿತು, ನಾನು ನೋಡಲಿಲ್ಲ.

ಈಗ ಆ ಬೊಂಬೆಯನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಅದರ ಮೂತಿ ನನ್ನ ಹಾಗೇನೂ ಇಲ್ಲ, ರತ್ನಮ್ಮನ ಹಾಗಿದೆ, ಅವಳಿಗೂ ಹೇಳಿದ್ದೇನೆ. ಎಂಜಿನಿನ ನಂಬರನ್ನು ಶಿವಲಿಂಗಯ್ಯ ಮತ್ತೆ ಬರೆಯಲಿಲ್ಲ. “ಅದೂ ಈ ರೈಲಿನ ಕತೆ, ಇರ್ಲಿ ಬಿಡಿ” ಅಂದರು. ಅವರ ಹಾಗೆಯೇ ಹುಚ್ಚಿರುವವರು ಬೇರೆಯವರೂ ಇದ್ದಾರೆ. ಇವತ್ತು ವಾರ್ನಿಷ್‌ಗೆ ಅದ್ದುತ್ತಿರುವುದು ಅತ್ತಿಬೆಲೆಯಿಂದ ಬಂದ ಮೋಟಾರು. ಎಂಜಿನನ್ನು ಮಾತ್ರ ಯಾರೂ ನನ್ನ ಕೈಗೆ ಕೊಡುವುದಿಲ್ಲ.

ಆ ಭಾನುವಾರ ಕಳೆದು ಮಾರನೆಯ ಬೆಳಿಗ್ಗೆ ಎದ್ದವಳೇ ಮಗಳಿಗೂ ಹೇಳದೆ ಬಸ್ ಸ್ಟಾಪಿಗೆ ಹೋದೆ. ಬೋರ್ಡು ಓದಲಾಗದೆ ಮೂರು ಬಸ್ಸುಗಳ ಕಂಡಕ್ಟರನ್ನು ಕೇಳಿ, ನಾಲ್ಕನೆಯದು ಹತ್ತಿ ಕಣ್ಣಿನ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂತೆ. ಒಬ್ಬ ಹುಡುಗಿ ಮುಖದ ಮುಂದೆ ಕೈ ಹಿಡಿದು, “ಎಷ್ಟು ಬೆರಳು ಹೇಳಿ ಅಜ್ಜಿ” ಅಂದಳು. ಮೂರು ಅಂತ ಅಂದಾಜಿನ ಮೇಲೆ ಹೇಳಬಹುದಿತ್ತು, ನಾಲಿಗೆ ತುದಿಗೆ ಬಂದಿತ್ತು.

“ಕಾಣಾಕಿಲ್ಲ ಕಣವ್ವ” ಅಂದೆ.