ಉಸ್ತಾದರ ಎಡ ರೆಕ್ಕೆ

ಕಲಘಟಗಿಯಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ವಿಮಾನದವರು ಎಂದರೆ ಬಸ್ ನಿಲ್ದಾಣದ ಯಾವ ರಿಕ್ಷಾದವನಾದರೂ ಸೀದಾ ನನ್ನ ಗೋದಾಮಿನ ಬಾಗಿಲಿಗೆ ತಂದು ಬಿಡುತ್ತಾನೆ. ಊರ ಹೊರಗೆ, ಹುಬ್ಬಳ್ಳಿ ರಸ್ತೆಯಲ್ಲಿ, ಹಿಂದೆ ಅಕ್ಕಿ ಗಿರಣಿ ಇದ್ದ ಜಾಗ ಅದು. ಗಿರಣಿ ನಿಂತು ಎಷ್ಟೋ ವರ್ಷವಾಗಿದ್ದರೂ ಗೋಡೆಗೆ ಮೊಳೆ ಹೊಡೆದರೆ ಈಗಲೂ ತೌಡು ಉದುರುತ್ತದೆ. ಆ ಗೋದಾಮಿನಲ್ಲಿ ನಾನು ಆರು ವರ್ಷದಿಂದ ಒಂದು ಸಣ್ಣ ಮರದ ವಿಮಾನದ ಕೆಲಸ ಹಿಡಿದು ಕೂತಿದ್ದೇನೆ. ಎರಡು ಸೀಟಿನದು, ಒಬ್ಬರ ಹಿಂದೆ ಒಬ್ಬರು ಕೂಡುವಂಥದು.

ಮೊದಮೊದಲು ನೋಡಲು ಬಂದವರಿಗೆಲ್ಲ ಉತ್ತರ ಕೊಟ್ಟು ಸಾಕಾಗಿ ಹೋಗಿತ್ತು. ಒಬ್ಬ ಗೌಡರು ಮಗಳ ಮದುವೆಯಲ್ಲಿ ಮೇಲಿಂದ ಹೂವು ಸುರಿಯಲು ಆದೀತೇ ಎಂದು ಕೇಳಿದರು. ಇನ್ನೊಬ್ಬರಿಗೆ ಕಬ್ಬಿಗೆ ಔಷಧಿ ಹೊಡೆಯಬೇಕಿತ್ತು. ಹಾಲು ತರುವ ಹೆಣ್ಣುಮಗಳು, ಹುಬ್ಬಳ್ಳಿಗೆ ಹೊರಟಾಗ ತನಗೂ ಹೇಳಬೇಕೆಂದೂ ಬಸ್ಸಿನಲ್ಲಿ ನಿಂತು ನಿಂತು ಸೊಂಟ ಹಿಡಿದಿದೆಯೆಂದೂ ಹೇಳಿದಳು. ಆಕೆಯ ಮಾತಿಗೆ ನಗಬಹುದಿತ್ತು. ನಾನು ನಗಲಿಲ್ಲ. ಆಗ ನನಗೆ ನಗುವುದು ಮರೆತೇ ಹೋಗಿತ್ತು ಎಂದರೂ ಸರಿ.

ನಾನು ವಾಯುಪಡೆಯಲ್ಲಿ ಮೂವತ್ತು ವರ್ಷ ವಿಮಾನದ ಮೈ ರಿಪೇರಿ ಮಾಡಿದವನು. ಹಾರಿಸುವವರು ಬೇರೆ. ನಮ್ಮದು ತಟ್ಟಿ ನೋಡುವುದು, ಬಿರುಕು ಹುಡುಕುವುದು, ಸಹಿ ಹಾಕುವುದು. ಸಾಮಾನು ಸಾಗಿಸುವ ವಿಮಾನದ ಹೊಟ್ಟೆಯಲ್ಲಿ ಪೆಟ್ಟಿಗೆಗಳ ನಡುವೆ ಕೂತು ಅಲ್ಲಿಂದಿಲ್ಲಿಗೆ ಹೋಗಿದ್ದೇನೆ, ಅದಕ್ಕೆ ಕಿಟಕಿ ಕೂಡ ಇರಲಿಲ್ಲ. ನನ್ನ ಕೈಯಾರೆ ಮಾಡಿದ್ದರಲ್ಲಿ ಕೂತು, ಮುಖಕ್ಕೆ ಗಾಳಿ ಬಡಿಸಿಕೊಂಡು ಒಂದೇ ಒಂದು ಸಲ ಮೇಲೆ ಹೋಗಬೇಕು ಎಂಬುದು ನನ್ನ ಆಸೆ. ನಮಗೆ ಮಕ್ಕಳಾಗಲಿಲ್ಲ. ನಿವೃತ್ತಿಯಾದ ಎರಡನೆಯ ವರ್ಷ ಹೆಂಡತಿ ತೀರಿಕೊಂಡಳು. ಹುಟ್ಟಿದ ತಾಲೂಕು ಎಂದು ಕಲಘಟಗಿಗೆ ಬಂದರೆ ಇಲ್ಲಿ ನನ್ನ ಗುರುತಿನವರು ಯಾರೂ ಉಳಿದಿರಲಿಲ್ಲ. ನನ್ನ ಕನ್ನಡಕ್ಕೂ ಹಿಂದಿಯ ತುಕ್ಕು ಹಿಡಿದಿತ್ತು. ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೇಳಿದರೆ, ಯಾವ ಊರಿನವರು ಎಂದು ಕೇಳುತ್ತಿದ್ದರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ವಿಮಾನ ನನ್ನ ಪಾಲಿಗೆ ಬಂದದ್ದು ಹಳೆಯ ಸಾಹೇಬರೊಬ್ಬರಿಂದ. ನಾನು ಸಹಿ ಹಾಕಿದ ವಿಮಾನಗಳನ್ನು ಹಾರಿಸಿದ ಪೈಲಟ್ ಅವರು, ಈಗ ಬೆಳಗಾವಿಯಲ್ಲಿದ್ದಾರೆ. ನಕ್ಷೆ ತರಿಸಿ ತಾವೇ ಕಟ್ಟಲು ಶುರುಮಾಡಿ, ತಾಳ್ಮೆ ಸಾಲದೆ ಅರ್ಧಕ್ಕೆ ಬಿಟ್ಟಿದ್ದರು. ನೋಡಲು ಹೋದಾಗ ರೆಕ್ಕೆಗಳನ್ನು ಗೆದ್ದಲು ತಿಂದಿತ್ತು. ಮೈ ಮಾತ್ರ ಉಳಿದಿತ್ತು, ಅದೂ ಮಳೆ ನೀರು ಕುಡಿದು ಊದಿಕೊಂಡಿತ್ತು. ಒಯ್ದುಕೋ, ನೀನು ಕಟ್ಟು, ನಾನು ಹಾರಿಸುತ್ತೇನೆ ಎಂದರು. ಮೊದಲ ಸುತ್ತು ಅವರೊಬ್ಬರೇ, ಎರಡನೆಯ ಸುತ್ತಿಗೆ ನಾನು ಹಿಂದಿನ ಸೀಟಿನಲ್ಲಿ, ಇದು ನಮ್ಮ ಒಪ್ಪಂದ.

ಆಗ ಉಸ್ತಾದರು ಬಂದರು. ಕಲಘಟಗಿಯ ಬಣ್ಣದ ತೊಟ್ಟಿಲು ಹೆಸರುವಾಸಿಯಾದದ್ದು. ಉಸ್ತಾದರ ಮನೆಯವರು ತಲೆಮಾರುಗಳಿಂದ ಆ ತೊಟ್ಟಿಲುಗಳ ಮರಗೆಲಸ ಮಾಡಿಕೊಂಡು ಬಂದವರು. ಮರ ಸೀಳಲು ಒಂದು ಒಳ್ಳೆಯ ಗರಗಸ ಬೇಕಾಗಿ ಅವರ ಮನೆಗೆ ಹೋಗಿದ್ದೆ. ಗರಗಸದ ಹಿಂದೆ ಅವರೂ ಬಂದರು. ನೆಲದ ಮೇಲೆ ಬಿದ್ದಿದ್ದ ಆ ಅಸ್ಥಿಪಂಜರವನ್ನು ಒಂದು ಸುತ್ತು ಹಾಕಿ, ಬೆರಳಿನಿಂದ ಅಲ್ಲಲ್ಲಿ ತಟ್ಟಿ, "ಇದೂ ಒಂದು ತೊಟ್ಲಾನ ಬಿಡ್ರಿ ಸಾಹೇಬ್ರ. ಮಲಗಾಂವ ಅಷ್ಟ ದೊಡ್ಡಾಂವ" ಎಂದರು.

ಮರುದಿನದಿಂದ ಅವರು ದಿನಾ ಬರತೊಡಗಿದರು. ಶುಕ್ರವಾರ ಮಾತ್ರ ನಮಾಜು ಮುಗಿಸಿ ಮಧ್ಯಾಹ್ನದ ಮೇಲೆ. ಕೂಲಿಯ ಮಾತು ಎತ್ತಿದರೆ ಎದ್ದು ಹೊರಟುಬಿಡುತ್ತಿದ್ದರು, ಹಾಗಾಗಿ ನಾನು ಎತ್ತುವುದನ್ನೇ ಬಿಟ್ಟೆ. ನಾವು ಹೆಚ್ಚು ಮಾತಾಡಿದವರಲ್ಲ. ಅವರು ಒಂದು ಕಡೆ, ನಾನು ಒಂದು ಕಡೆ, ನಡುವೆ ರೆಕ್ಕೆ. ನನ್ನ ಬೈಗುಳ ಮಾತ್ರ ಧಾರಾಳವಾಗಿತ್ತು. ಕೂದಲೆಳೆಯಷ್ಟು ಸಂದು ಬಿಟ್ಟರೂ ನಾನು ಸಿಡುಕುತ್ತಿದ್ದೆ. ಅವರು ಬೀಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಹೌದ್ರಿ ಸಾಹೇಬ್ರ ಎಂದು ಮತ್ತೆ ಕೆತ್ತುತ್ತಿದ್ದರು. ಮಧ್ಯಾಹ್ನ ಅವರ ಡಬ್ಬಿಯ ಜೋಳದ ರೊಟ್ಟಿ ಇಬ್ಬರಿಗೂ ಆಗುವಷ್ಟಿರುತ್ತಿತ್ತು. ಅದು ಆಕಸ್ಮಿಕವಲ್ಲ ಎಂದು ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ಮರದ ವಿಮಾನದಲ್ಲಿ ಎಲ್ಲವೂ ಅಂಟಿನ ಮೇಲೆ ನಿಂತಿದೆ. ರೆಕ್ಕೆಯ ಉದ್ದಕ್ಕೂ ಒಂದು ತೊಲೆ, ಅದಕ್ಕೆ ಅಡ್ಡವಾಗಿ ಪಕ್ಕೆಲುಬುಗಳು, ಅವುಗಳ ಮೇಲೆ ತೆಳು ಪ್ಲೈವುಡ್ಡು ಮತ್ತು ಬಟ್ಟೆ. ಮೊಳೆ ಹೆಸರಿಗಷ್ಟೇ. ಎರಡು ಡಬ್ಬಿಯ ದ್ರಾವಣ ತೂಕ ಮಾಡಿ ಕಲಸಿ ಹಚ್ಚಿದರೆ ಅದು ಮರದೊಳಗೆ ಇಳಿದು ಹಿಡಿಯುತ್ತದೆ. ಆದರೆ ಮರ ಬರಿಮೈಯಲ್ಲಿರಬೇಕು. ಜೊತೆಗೆ ಇನ್ನೊಂದು ನಿಯಮವಿದೆ. ಪ್ರತಿ ಸಲ ಅಂಟು ಕಲಸಿದಾಗಲೂ ಅದೇ ಮರದ ಎರಡು ಚೂರುಗಳನ್ನು ಅದೇ ರೀತಿಯಲ್ಲಿ ಮಾದರಿಗೆಂದು ಅಂಟಿಸಿ ಇಡಬೇಕು, ಒಣಗಿದ ಮೇಲೆ ಸುತ್ತಿಗೆಯಿಂದ ಒಡೆಯಬೇಕು. ಮರವೇ ಹರಿದರೆ ಕೂಡಿಕೆ ಗಟ್ಟಿ. ಅಂಟಿಸಿದ ಗೆರೆಯಲ್ಲೇ ಬಿಟ್ಟುಕೊಂಡರೆ ಆ ದಿನದ ಕೆಲಸವೆಲ್ಲ ಒಲೆಗೆ.

ಬಲ ರೆಕ್ಕೆಯ ಕೂಡಿಕೆಗಳನ್ನೆಲ್ಲ ನಾನೇ ಅಂಟಿಸಿದೆ. ಎಡ ರೆಕ್ಕೆಯ ಹೊತ್ತಿಗೆ ನನ್ನ ಕಣ್ಣಿನ ಪೊರೆ ಬಲಿತು ಆಪರೇಶನ್ ಆಗಬೇಕಾಯಿತು, ಒಂದರ ಹಿಂದೆ ಒಂದರಂತೆ ಎರಡೂ ಕಣ್ಣಿಗೆ. ಮರದ ಪುಡಿಯ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಇತ್ತ ಡಬ್ಬಿಯಲ್ಲಿದ್ದ ಅಂಟಿನ ಅವಧಿ ಮುಗಿಯುತ್ತ ಬಂದಿತ್ತು. ಪಕ್ಕೆಲುಬುಗಳೆಲ್ಲ ಸಿದ್ಧವಾಗಿದ್ದವು, ಕೂಡಿಸುವುದಷ್ಟೇ ಬಾಕಿ. ನಾನು ಉಸ್ತಾದರಿಗೆ ಎಲ್ಲವನ್ನೂ ಮೂರು ಸಲ ಹೇಳಿದೆ. ಕೂಡುವ ಮೈಗೆ ಎಣ್ಣೆ ತಾಗಬಾರದು, ಮೇಣ ಬೇಡ, ಬಣ್ಣ ಬೇಡ, ಬೆವರಿನ ಕೈಯೂ ಬೇಡ. ಮಾದರಿ ತುಂಡು ಮಾತ್ರ ತಪ್ಪಿಸಬೇಡಿ ಎಂದೆ. ಅವರು ತಲೆಯಾಡಿಸಿದರು.

ನಾನು ಗೋದಾಮಿಗೆ ಮರಳಿ ಬಂದಾಗ ಎಡ ರೆಕ್ಕೆ ಮುಗಿದಿತ್ತು. ಹೊಸ ಕಣ್ಣಿಗೆ ಇನ್ನೂ ಎಲ್ಲ ಮಸುಕು. ಬೆರಳಾಡಿಸಿ ನೋಡಿದೆ. ಒಂದು ಕಡೆಯೂ ಸಂದು ಸಿಗಲಿಲ್ಲ. ಮಾದರಿ ತುಂಡುಗಳನ್ನು ಒಂದೊಂದಕ್ಕೂ ಪೆನ್ಸಿಲ್ಲಿನಲ್ಲಿ ತಾರೀಖು ಬರೆದು, ಬಟ್ಟೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ನೇತುಹಾಕಿದ್ದರು. ಶಹಬ್ಬಾಸ್ ಎನ್ನಲು ಉಸ್ತಾದರು ಅಲ್ಲಿರಲಿಲ್ಲ. ಎದೆನೋವೆಂದು ಅವರನ್ನು ಹುಬ್ಬಳ್ಳಿಗೆ ಸೇರಿಸಿ ಎರಡು ದಿನವಾಗಿತ್ತು. ಹತ್ತನೆಯ ದಿನ ಅವರು ತೀರಿಕೊಂಡರು, ಮಣ್ಣಿಗೆ ಹೋಗಿ ಬಂದೆ.

ಆ ಗಂಟನ್ನು ನಾನು ಬಿಚ್ಚಲಿಲ್ಲ. ವಾಯುಪಡೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಅವನ ಮೇಲೆ ವರದಿ ಬರೆಯುತ್ತಿದ್ದೆ. ಸತ್ತವರ ಕೈಬರಹವಿದ್ದ ತುಂಡುಗಳನ್ನು ಸುತ್ತಿಗೆಯಿಂದ ಒಡೆಯಲು ನನ್ನಿಂದ ಆಗಲಿಲ್ಲ, ಅಷ್ಟೇ. ಅವರು ಕೆಲಸ ಕೆಡಿಸುವವರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ರೆಕ್ಕೆಯ ಒಳಗೆಲ್ಲ ವಾರ್ನಿಶ್ ಹೊಡೆದು, ಮೇಲೆ ಬಟ್ಟೆ ಎಳೆದು ಮುಚ್ಚಿದೆ. ಆ ವರ್ಷ ಒಬ್ಬನೇ ಎಂಜಿನ್ ಕೂಡಿಸಿದೆ. ಮಧ್ಯಾಹ್ನ ಅನ್ನಕ್ಕೆ ಮೊಸರು ಕಲಸಿಕೊಂಡು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಸಂದು ಬಿಟ್ಟರೆ ಬೈಯಲಿಕ್ಕೂ ಯಾರೂ ಇರಲಿಲ್ಲ. ಒಂದೆರಡು ಸಲ ನನ್ನನ್ನೇ ಗಟ್ಟಿಯಾಗಿ ಬೈದುಕೊಂಡದ್ದೂ ಉಂಟು.

ಈ ಬೇಸಿಗೆಯಲ್ಲಿ ವಿಮಾನಯಾನ ಇಲಾಖೆಯ ಅನುಮತಿಯ ಕಾಗದ ಬಂತು. ಹಾರಿಸುವ ಜಾಗ ಗೊತ್ತಾಯಿತು, ಒಯ್ಯಲು ಲಾರಿಯೂ ಗೊತ್ತಾಯಿತು. ಬೆಳಗಾವಿಯ ಸಾಹೇಬರಿಗೆ ವೈದ್ಯರು ಕೊಟ್ಟಿದ್ದ ಹಾರಾಟದ ಪರವಾನಗಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು, ವಯಸ್ಸಾದ್ದರಿಂದ ಇನ್ನು ಮುಂದೆ ಸಿಗುವುದಿಲ್ಲ ಎಂದು ಅವರಿಗೇ ಹೇಳಿಬಿಟ್ಟಿದ್ದರು. ಹಾರಾಟಕ್ಕೆ ಎಂಟು ದಿನ ಇರುವಾಗ ಫೋನ್ ಮಾಡಿ, ಮಾದರಿ ತುಂಡುಗಳನ್ನು ತೆಗೆದಿಡು, ನನ್ನ ಕೈಯಿಂದ ಒಡೆದು ನೋಡಿಯೇ ಕೂಡುವವನು ನಾನು ಎಂದರು. ಹಳೆಯ ಪೈಲಟ್ಟುಗಳು ಹಾಗೆಯೇ.

ಮರುದಿನ ಬೆಳಿಗ್ಗೆ ಗಂಟು ಬಿಚ್ಚಿದೆ. ಮೊದಲನೆಯ ತುಂಡನ್ನು ಕಟ್ಟೆಗೆ ಒರಗಿಸಿ ಸುತ್ತಿಗೆ ಎತ್ತಿದೆ. ಜೋರಾಗಿ ಹೊಡೆಯುವುದೇ ಬೇಕಾಗಲಿಲ್ಲ, ತಾಗಿದ್ದೇ ಎರಡಾಯಿತು. ಒಳಗಿನ ಎರಡೂ ಮೈ ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದು ಎಳೆ ಮರವೂ ಹರಿದಿರಲಿಲ್ಲ. ಎರಡನೆಯದೂ ಹಾಗೆಯೇ. ಹದಿನಾಲ್ಕನ್ನೂ ಒಡೆದೆ. ಕೊನೆಯದನ್ನು ಮೂಗಿನ ಹತ್ತಿರ ಹಿಡಿದಾಗ ಗೊತ್ತಾಯಿತು, ಅರಗು.

ಅವರ ಮನೆಯ ಪದ್ಧತಿ ಅದು. ತೊಟ್ಟಿಲಿನ ಕಾಲಿಗೆ ಅಡ್ಡಪಟ್ಟಿ ಕೂಡಿಸುವ ಮೊದಲು ಎರಡೂ ಮೈಗೆ ಅರಗು ಸವರಿ ಉಜ್ಜುತ್ತಾರೆ, ಸಂದಿಯಲ್ಲಿ ಹುಳ ಹೊಕ್ಕು ಕೂಸಿನ ಕೆಳಗಿನ ಮರ ಟೊಳ್ಳಾಗಬಾರದೆಂದು. ಅಲ್ಲಿ ಬೆಣೆ ಇದೆ, ಮರವೇ ಮರವನ್ನು ಹಿಡಿಯುತ್ತದೆ, ಅರಗಿನಿಂದ ತೊಂದರೆ ಇಲ್ಲ. ಅವರ ಮನೆಗೆ ಹೋದಾಗಲೆಲ್ಲ ನಾನು ಅದನ್ನು ನೋಡಿದ್ದೆ. ನೋಡಿಯೂ, ಬೇಡ ಎಂದವುಗಳ ಪಟ್ಟಿಯಲ್ಲಿ ಅರಗನ್ನು ಹೇಳಲಿಲ್ಲ. ಅಷ್ಟು ದೊಡ್ಡ ತಿಳಿವಳಿಕಸ್ಥ ನಾನು. ಅವರೋ, ರೆಕ್ಕೆಗೆ ಮಾಡಿದ್ದನ್ನೇ ಮಾದರಿ ತುಂಡಿಗೂ ಮಾಡಿ, ಒಂದಿಷ್ಟೂ ಮುಚ್ಚಿಡದೆ, ತಾರೀಖು ಬರೆದು ನನ್ನ ಕಣ್ಣೆದುರಿಗೇ ತೂಗುಹಾಕಿದ್ದರು.

ಸುಳ್ಳು ಹೇಳುವುದಿಲ್ಲ. ಹೊಸ ಮಾದರಿ ತುಂಡುಗಳನ್ನು ಮಾಡಿಡುವ ಯೋಚನೆ ಬಂತು. ಒಂದು ದಿನ ಪೂರ್ತಿ ಅದರ ಜೊತೆಗೇ ಕೂತೆ. ಒಂದೇ ಸುತ್ತು, ಗಾಳಿ ಇಲ್ಲದ ಬೆಳಗು, ಮೇಲೆ ಪ್ಲೈವುಡ್ಡು ಬಿಗಿದಿದೆ, ತಡೆದೀತು ಎಂದೆಲ್ಲ ಲೆಕ್ಕ ಹಾಕಿದೆ. ಆಮೇಲೆ ಆ ಮೊದಲ ಸುತ್ತಿನಲ್ಲಿ ಕೂಡುವವನು ನಾನಲ್ಲ ಎಂಬುದು ನೆನಪಾಗಿ ನನ್ನ ಮೇಲೆ ನನಗೇ ಹೇಸಿಕೆ ಬಂತು. ಬೆಳಗಾವಿಗೆ ಫೋನ್ ಮಾಡಿ ಬರಬೇಡಿ ಎಂದೆ. ಎಡ ರೆಕ್ಕೆಗೆ ಅಂಟು ಕಲಸುವಾಗ ನಾನು ತೂಕ ತಪ್ಪಿದ್ದೇನೆ ಎಂದೆ. ಮೂವತ್ತು ವರ್ಷ ನೌಕರಿ ಮಾಡಿ ಅಂಟು ಕಲಸಲು ಬರಲಿಲ್ಲವೇ ಎಂದು ಕೇಳಿದರು. ಬರಲಿಲ್ಲ ಸರ್ ಎಂದೆ. ಅವರು ಆಮೇಲೆ ಫೋನ್ ಮಾಡಿಲ್ಲ.

ಆ ವಾರವೇ ಎಡ ರೆಕ್ಕೆಯನ್ನು ಅಂಗಳಕ್ಕೆ ತಂದು ಬಟ್ಟೆ ಸೀಳಿ ಗರಗಸ ಹಚ್ಚಿದೆ. ಆರು ಪಕ್ಕೆಲುಬು ಬಿಡಿಸಿದ್ದೆ, ಗೇಟಿನ ಹತ್ತಿರ ಉಸ್ತಾದರ ಹೆಂಡತಿ ನಿಂತಿದ್ದರು. ವಿಮಾನ ಹಾರುತ್ತದಂತೆ ಎಂಬ ಸುದ್ದಿ ಊರೆಲ್ಲ ಹರಡಿತ್ತು, ಯಾವತ್ತು ಎಂದು ಕೇಳಲು ಬಂದಿದ್ದರು. ಕೈಯಲ್ಲಿ ರೊಟ್ಟಿಯ ಡಬ್ಬಿ. ಅಂಗಳದಲ್ಲಿ ಬಿದ್ದಿದ್ದ ತುಂಡುಗಳನ್ನು ಕಂಡು, ಇದನ್ನು ಅವರು ಮಾಡಿದ್ದಲ್ಲವೇ ಎಂದರು. ಹೌದು ಎಂದೆ. ಅಳತೆಯಲ್ಲಿ ನಾನೊಂದು ತಪ್ಪು ಮಾಡಿದ್ದೇನೆ, ಅದಕ್ಕೇ ಕತ್ತರಿಸುತ್ತಿದ್ದೇನೆ, ಅವರ ಕೆಲಸದಲ್ಲಿ ಏನೂ ದೋಷವಿಲ್ಲ ಎಂದೆ.

ಅವರು ಒಂದು ಪಕ್ಕೆಲುಬನ್ನು ಎತ್ತಿ, ಹೊಳೆಯುವ ತುದಿಯನ್ನು ಸೆರಗಿನಿಂದ ಒರೆಸಿದರು.

"ಇದನ್ನ ಹಚ್ಚೂ ಮುಂದ ಮನಿಗೆ ಬಂದು ಹೇಳತಿದ್ರು ಸಾಹೇಬ್ರ. ತೊಟ್ಲದ ಸಂದಿ ಬಿಟ್ರ ಕೂಸು ಮೊಳ ಎತ್ತರದಿಂದ ಬೀಳತದ, ಸಾಹೇಬ್ರು ಎಲ್ಲಿಂದ ಬೀಳತಾರ ಅಂತ. ಭಾಳ ಅಂಜತಿದ್ರು. ಅದಕ್ಕ ಎಲ್ಲಾ ಸಂದಿಗೂ ಎರಡೆರಡು ಕೈ ಅರಗು ಹಚ್ಚೇನಿ, ಅವರಿಗೆ ಹೇಳಬ್ಯಾಡ, ಬೈತಾರ ಅಂದಿದ್ರು."

ನಾನು ನೆಲ ನೋಡುತ್ತ ನಿಂತೆ. ಅವರು ತಮ್ಮಷ್ಟಕ್ಕೆ, ಅದರಿಂದ ಗಟ್ಟಿಯಾಗಿತ್ತೇನು ಎಂದು ಕೇಳಿದರು.

"ಅಗದಿ ಗಟ್ಟಿ ಆಗಿತ್ತು ಭಾಭಿ" ಎಂದೆ. "ಕೊಯ್ಯಾಕ ನನಗ ಆಗವಲ್ದು."

ಅವರು ಸಮಾಧಾನದಿಂದ ತಲೆಯಾಡಿಸಿ, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ರಸ್ತೆ ದಾಟಿ ಹೋದರು.

ಮೂವತ್ತು ವರ್ಷ ನಾನು ಬೇರೆಯವರು ಬೀಳಬಾರದೆಂದು ಕೆಲಸ ಮಾಡಿದವನು. ಇಷ್ಟು ವರ್ಷದಲ್ಲಿ ನಾನು ಬಿದ್ದೇನು ಎಂದು ಅಂಜಿದವರು ಯಾರಾದರೂ ಇದ್ದರೆ ಅದು ನನ್ನ ಹೆಂಡತಿ ಒಬ್ಬಳೇ ಎಂದುಕೊಂಡಿದ್ದೆ. ಇನ್ನೊಬ್ಬರು ಇದ್ದರು. ನಾಲ್ಕು ವರ್ಷ ನನ್ನ ಎದುರಿಗೇ ಕೂತು, ಬೈಸಿಕೊಂಡು, ಅಂಜುತ್ತಿದ್ದರು. ನಾನು ಒಂದು ದಿನವೂ ತಲೆಯೆತ್ತಿ ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಅಂಗಳದಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಗರಗಸ ತೆಗೆದುಕೊಂಡೆ. ಇನ್ನೂ ಎಂಟು ಪಕ್ಕೆಲುಬು ಬಿಡಿಸುವುದಿತ್ತು, ಎಂಟೂ ಬರಿಗೈಯಿಂದ ಎಳೆದಿದ್ದರೂ ಕಳಚಿ ಬರುತ್ತಿದ್ದವು. ಆದರೂ ಒಂದೊಂದನ್ನೂ ಗರಗಸದಿಂದಲೇ ಕೊಯ್ದು ತೆಗೆದೆ.