ಅಕ್ಕೋರ ಮುದಿ ನಕ್ಷತ್ರ

ಮಗಳ ಶಾಲೆಯ ಪ್ರಾಜೆಕ್ಟಿಗೆಂದು ಮೊನ್ನೆ ಸಾಗರದ ಅಂಗಡಿಯೊಂದರಲ್ಲಿ ಕೆಂಪು ಜಿಲೇಟಿನ್ ಕಾಗದ ಕೊಂಡೆ. ಬಿಚ್ಚಿದಾಗ ಚರಪರ ಸದ್ದಾಯಿತು... ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕೋರು ನೆನಪಾದರು.

ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಅವರು ಟಾರ್ಚಿನ ಮೂತಿಗೆ ಇಂಥದೇ ಕಾಗದ ಕಟ್ಟುತ್ತಿದ್ದರು. ಬಿಳಿ ಬೆಳಕು ಬಿದ್ದರೆ ಕಣ್ಣಿಗೆ ಕತ್ತಲೆಯ ರೂಢಿ ತಪ್ಪುತ್ತದಂತೆ. ಚಳಿಗಾಲದಲ್ಲಿ ಸಂಜೆ ಏಳಾಗುತ್ತಲೇ ತಾರಸಿ ಹತ್ತಿ, ಮೀರಾ ಎಂಬ ಕೆಂಪು ನಕ್ಷತ್ರವನ್ನು ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿ, ಅದರ ಹೊಳಪನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಒಂದು ಕಡೆ ನಿಲ್ಲುವವರಲ್ಲ. ಆ ತುದಿಯಿಂದ ಈ ತುದಿಗೆ ಓಡಾಡುತ್ತಲೇ, ಜೊತೆಗಿರುತ್ತಿದ್ದ ನನಗೆ ಹೇಳುತ್ತಿದ್ದರು.

"ವಯಸ್ಸಾಗಿದೆ ಕಣೇ ಅದ್ಕೆ. ಹನ್ನೊಂದು ತಿಂಗ್ಳಿಗೊಂದ್ಸಲ ಉಬ್ಬತ್ತೆ, ಕುಗ್ಗತ್ತೆ. ಬರಿಗಣ್ಣಿಗೆ ಕಾಣದಷ್ಟು ಮಂಕಾಗಿ ಮತ್ತೆ ಹೊಳಿಯತ್ತೆ. ಹಂಗೆ ಮಾಡ್ತಾ ಮಾಡ್ತಾ ಮೈಮೇಲಿನ ಅನಿಲ ಆಚೆ ಹೋಗ್ತಾನೇ ಇರತ್ತೆ. ಹೋಗಿದ್ದು ವಾಪಸ್ ಬರಲ್ಲ."

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ, ಮೀರಾ ಮಂಕಿನಿಂದ ಮತ್ತೆ ಬೆಳಗಬೇಕಾದ ದಿನಗಳು ಬಂದವು. ಅಕ್ಕೋರಿಗೆ ಕಾಣಲಿಲ್ಲ. ಕನ್ನಡಕ ಒರೆಸಿದರು, ಮತ್ತೆ ನೋಡಿದರು. ಮೂರನೇ ಸಂಜೆ ನನ್ನ ಕೈ ಹಿಡಿದುಕೊಂಡರು.

"ನಿಂಗೆ ಕಾಣ್ತಾ? ನಿಜ ಹೇಳು."

ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಅವರ ಗಾಬರಿ ನೋಡಿ, "ಇಲ್ಲ ಅಕ್ಕೋರೇ" ಅಂದುಬಿಟ್ಟೆ.

"ಹಂಗಾದ್ರೆ ನನ್ನ ಕಣ್ಣಲ್ಲ, ಅದೇ ತಡ ಮಾಡ್ತಿದೆ" ಎಂದು ನಕ್ಕು, ‘ಕಾಣಲಿಲ್ಲ’ ಎಂದು ಬರೆದರು. ಆ ಚಳಿಗಾಲವಿಡೀ ಅವರು ಕೇಳಿದಾಗಲೆಲ್ಲ ನಾನು ಅದೇ ಸುಳ್ಳು ಹೇಳಿದೆ.

ಮಳೆಗಾಲದಲ್ಲಿ ಅವರು ಬಸ್ಸಿನ ಮೆಟ್ಟಿಲು ಕಾಣದೆ ಬಿದ್ದರು. ಶಿವಮೊಗ್ಗದ ಡಾಕ್ಟರು, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸೊರಗಿದೆ, ಹೋದ ದೃಷ್ಟಿ ಮರಳುವುದಿಲ್ಲ, ಆರು ತಿಂಗಳು ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತು ಎಂದರಂತೆ. ಅಮ್ಮನ ಬಾಯಿಂದ ಇದನ್ನು ಕೇಳಿದವಳೇ ಅಕ್ಕೋರ ಮನೆಗೆ ಓಡಿಹೋಗಿ ಎಲ್ಲ ಹೇಳಿಬಿಟ್ಟೆ.

ಅಕ್ಕೋರು ಬಯ್ಯಲಿಲ್ಲ. ತಡಕಾಡಿ ನೋಟ್‌ಬುಕ್ ತೆಗೆದು ನನ್ನ ಕೈಗಿತ್ತರು.

"ಅವತ್ತು ಎಷ್ಟು ಹೊಳೀತಿತ್ತು? ತಿದ್ದು."

ನನಗೆ ನೆನಪಿರಲಿಲ್ಲ. ಆ ಸಂಜೆ ನಾನು ಅವರ ಮುಖವನ್ನೇ ನೋಡುತ್ತಿದ್ದೆ... ಪೆನ್ನು ಹಿಡಿದು ಕೂತೆ, ಬರೆಯಲಾಗಲಿಲ್ಲ.

ಮುಂದೆ ಅವರು ತೀರ್ಥಹಳ್ಳಿಯ ತಮ್ಮನ ಮನೆಗೆ ಹೋದರು. ಅಲ್ಲೇ ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಒಂದು ತಿಂಗಳ ಮೇಲೆ.

ನಿನ್ನೆ ಸಂಜೆ ನಮ್ಮ ತಾರಸಿ ಹತ್ತಿ ಮೀರಾವನ್ನು ಹುಡುಕಿದೆ. ನಿಂತಲ್ಲಿ ನಿಲ್ಲಲಾಗಲಿಲ್ಲ. "ಎಡಗಡೆಯದಕ್ಕಿಂತ ಸ್ವಲ್ಪ ಮಂಕು ಅಕ್ಕೋರೇ" ಎಂದು ಜೋರಾಗಿಯೇ ಹೇಳಿದೆ. ಬರೆದುಕೊಳ್ಳಲು ಯಾರೂ ಇರಲಿಲ್ಲ.